ಕೇಬಲ್ ಹಾಕಿದ್ದೇವೆ, ನೆಟ್ ಮಾತ್ರ ಬರ್ತಿಲ್ಲ: ಓದುಗರ ಲಿನಕ್ಸ್ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಕಲಬುರಗಿ, ಬೀದರ್, ಯಾದಗಿರಿ ಕಡೆಯವು. ವಿಷಯವೂ ಹೆಚ್ಚುಕಡಿಮೆ ಒಂದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ ನಿಂತಿತು. ಹಳೇ ಕಂಪ್ಯೂಟರ್‌ಗೆ ವಿಂಡೋಸ್ 11 ಹತ್ತುವುದಿಲ್ಲ, ಹೊಸದು ತರಲು ದುಡ್ಡಿಲ್ಲ, ಹಾಗಾಗಿ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಂಡವರು ಬಹಳ. ಮಿಂಟ್, ಉಬುಂಟು, ಡೆಬಿಯನ್ ಎಲ್ಲ ಅದರದೇ ರೂಪಗಳು. ಹಾಕಿಕೊಂಡಿದ್ದು ಒಳ್ಳೆಯದೇ ಆಯಿತು. ಆದರೆ ಮೊದಲ ದಿನವೇ ವೈರ್ ನೆಟ್ ಬರದೆ ಹೋದರೆ ಮನಸ್ಸು ಕುಗ್ಗುತ್ತದೆ. "ಮತ್ತೆ ವಿಂಡೋಸ್ ಹಾಕಿಸಲಾ?" ಎಂದು ಎಷ್ಟೋ ಜನ ಕೇಳಿದ್ದಾರೆ. ದಯವಿಟ್ಟು ಬೇಡ. ನೆಟ್ ಎಲ್ಲಿ ನಿಂತಿದೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ವೈರ್‌ನಲ್ಲಾ, ಅದು ಹೊಕ್ಕುವ ನೆಟ್‌ವರ್ಕ್ ಕಾರ್ಡಿನಲ್ಲಾ, ವಿಳಾಸ ಸಿಗುವಲ್ಲಾ, ಹೆಸರು ಹುಡುಕುವಲ್ಲಾ? ಅದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಹಾಕುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹಾಕಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಮನೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಜೊತೆಗೇ ಲಿನಕ್ಸ್ ಮಿಂಟ್ ಹಾಕಿದ್ದೇನೆ. ವಿಂಡೋಸ್‌ನಲ್ಲಿ ನೆಟ್ ಚೆನ್ನಾಗಿ ಬರುತ್ತದೆ. ಮಿಂಟ್‌ಗೆ ಬಂದರೆ ಕೇಬಲ್ಲೇ ಇಲ್ಲ ಅನ್ನುತ್ತದೆ. ವಿಚಿತ್ರ ಅಂದರೆ, ಕೆಲವು ಸಲ ಕರೆಂಟ್ ಹೋಗಿ ಬಂದ ಮೇಲೆ ಮಿಂಟ್‌ನಲ್ಲೂ ನೆಟ್ ಬಂದುಬಿಡುತ್ತದೆ. ಹಿಂಗ್ಯಾಕ್ರಿ? ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಲಾ?

ಉತ್ತರ: ಫಾರ್ಮ್ಯಾಟ್ ಬೇಡ. ನಿಮ್ಮ ಪ್ರಶ್ನೆಯೊಳಗೇ ಉತ್ತರ ಇದೆ. ಕರೆಂಟ್ ಹೋಗಿ ಬಂದರೆ ಸರಿಯಾಗುತ್ತದೆ ಅಂದಿರಲ್ಲ, ಆ ಒಂದು ಮಾತೇ ಸಾಕು.

ವಿಂಡೋಸ್‌ನಲ್ಲಿ ನೀವು ಶಟ್‌ಡೌನ್ ಒತ್ತಿದಾಗ ಅದು ಪೂರ್ತಿ ಆಫ್ ಆಗುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಆನ್ ಇದ್ದರೆ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಮುಂದಿನ ಸಲ ಬೇಗ ಏಳೋಣ ಅಂತ ಅರೆನಿದ್ದೆಗೆ ಹೋಗುತ್ತದೆ. ಹೋಗುವಾಗ ನೆಟ್‌ವರ್ಕ್ ಕಾರ್ಡನ್ನೂ ಮಲಗಿಸುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಮಶೀನ್ ಆಫ್ ಇದ್ದರೂ ಬೋರ್ಡಿಗೆ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರುತ್ತದೆ, ಆದ್ದರಿಂದ ಕಾರ್ಡ್ ಅದೇ ಸ್ಥಿತಿಯಲ್ಲಿ ಉಳಿದಿರುತ್ತದೆ. ಆಮೇಲೆ ಮಿಂಟ್ ಬಂದು ಎಬ್ಬಿಸಲು ನೋಡಿದರೆ ಕೆಲವು ಕಾರ್ಡ್‌ಗಳು, ಅದರಲ್ಲೂ ಬೋರ್ಡ್ ಮೇಲೇ ಕೂತಿರುವ ರಿಯಲ್‌ಟೆಕ್ ಚಿಪ್‌ಗಳು, ಪೂರ್ತಿ ಏಳುವುದಿಲ್ಲ. ಕರೆಂಟ್ ಹೋದಾಗ ಆ ಸ್ವಲ್ಪ ಕರೆಂಟೂ ನಿಲ್ಲುತ್ತದೆ, ಕಾರ್ಡ್ ಹೊಸದಾಗಿ ಶುರುವಾಗುತ್ತದೆ.

ಖಚಿತ ಮಾಡಿಕೊಳ್ಳುವುದು ಹೀಗೆ. ಮಿಂಟ್‌ನಲ್ಲಿ ನೆಟ್ ಇಲ್ಲದ ಹೊತ್ತಲ್ಲಿ ಸಿಪಿಯು ಹಿಂದೆ ಕೇಬಲ್ ಹೊಕ್ಕಿರುವ ಜಾಗ ನೋಡಿ. ಅಲ್ಲಿ ಹಸಿರು, ಕಿತ್ತಳೆ ಬಣ್ಣದ ಪುಟ್ಟ ದೀಪಗಳಿರುತ್ತವೆ. ಎರಡೂ ಆರಿದ್ದರೆ ಟರ್ಮಿನಲ್ ತೆಗೆದು ಐಪಿ ಲಿಂಕ್ ಎಂದು ಹಾಕಿ. ಎಲ್‌ಓ ಎಂಬ ಹೆಸರಿನದು ಕಂಪ್ಯೂಟರ್ ತನ್ನೊಳಗೇ ಮಾತಾಡಿಕೊಳ್ಳಲು ಇರುವುದು, ಅದನ್ನು ಬಿಟ್ಟುಬಿಡಿ. ಇಎನ್ ಎಂದು ಶುರುವಾಗುವ ಹೆಸರೇ ನಿಮ್ಮ ವೈರ್ ಕಾರ್ಡ್. ಅದು ಬಹುಶಃ ಇಎನ್‌ಪಿ3ಎಸ್0 ಅಂತಲೋ ಇಎನ್‌ಓ1 ಅಂತಲೋ ಇರುತ್ತದೆ. ಹಳೇ ಲೇಖನಗಳಲ್ಲಿ ಕಾಣುವ ಇಟಿಹೆಚ್0 ಈಗ ಅಪರೂಪ. ಆ ಸಾಲಿನಲ್ಲಿ ನೋ ಕ್ಯಾರಿಯರ್ ಎಂದಿದ್ದರೆ ಕಾರ್ಡ್ ಲಿನಕ್ಸ್‌ಗೆ ಕಂಡಿದೆ, ಆದರೆ ಆಚೆ ತುದಿಯಿಂದ ಸಿಗ್ನಲ್ ಬರುತ್ತಿಲ್ಲ ಎಂದು ಅರ್ಥ. ಕೇಬಲ್ ಕೆಟ್ಟರೂ ಇದೇ ಬರುತ್ತದೆ. ಆದರೆ ಅದೇ ಕೇಬಲ್, ಅದೇ ಮಶೀನ್, ವಿಂಡೋಸ್‌ನಲ್ಲಿ ಕೆಲಸ ಮಾಡುತ್ತಿದೆ ಅಂದ ಮೇಲೆ ಕೇಬಲ್ ಮೇಲೆ ಅನುಮಾನ ಬೇಡ ಅಲ್ವಾ?

ಈಗ ಒಂದು ಪರೀಕ್ಷೆ. ವಿಂಡೋಸ್‌ಗೆ ಹೋಗಿ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಡಿ, ನೇರ ಮಿಂಟ್‌ಗೆ ಬನ್ನಿ. ರೀಸ್ಟಾರ್ಟ್ ಮಾಡಿದಾಗ ಫಾಸ್ಟ್ ಸ್ಟಾರ್ಟಪ್ ನಡೆಯುವುದಿಲ್ಲ. ಆಗ ನೆಟ್ ಬಂದರೆ ಕಳ್ಳ ಸಿಕ್ಕ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಎಂಬ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದುಬಿಡಿ. ಅಷ್ಟಕ್ಕೂ ಸರಿಹೋಗದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಅಡ್ವಾನ್ಸ್ಡ್ ಪಟ್ಟಿ ನೋಡಿ. ಶಟ್‌ಡೌನ್ ವೇಕ್ ಆನ್ ಲ್ಯಾನ್ ಎಂದಿದ್ದರೆ ಅದನ್ನು ಎನೇಬಲ್ ಮಾಡಿ. ಆಗ ವಿಂಡೋಸ್ ಹೋಗುವಾಗ ಕಾರ್ಡನ್ನು ಪೂರ್ತಿ ಮಲಗಿಸುವುದಿಲ್ಲ. ಅರ್ಜೆಂಟ್ ಇದ್ದಾಗ ಮಿಂಟ್ ಶಟ್‌ಡೌನ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಕರೆಂಟ್ ಹೋದಾಗ ತಾನಾಗಿ ಆಗುತ್ತಿದ್ದುದು ಇದೇ.

ಫಾಸ್ಟ್ ಸ್ಟಾರ್ಟಪ್ ತೆಗೆದರೆ ಇನ್ನೊಂದು ಲಾಭವೂ ಇದೆ. ಮಿಂಟ್‌ನಿಂದ ವಿಂಡೋಸ್‌ನ ಸಿ ಡ್ರೈವ್ ತೆಗೆದರೆ ಫೈಲ್ ಓದಲಷ್ಟೇ ಬಿಡುತ್ತದೆ, ಬರೆಯಲು ಬಿಡುವುದಿಲ್ಲ ಎಂಬ ತೊಂದರೆ ಬಹಳ ಜನಕ್ಕಿದೆ. ಅದಕ್ಕೂ ಸಾಮಾನ್ಯವಾಗಿ ಇದೇ ಕಾರಣ.

ಪ್ರಶ್ನೆ: ನಮ್ಮದು ಬೀದರ್ ಹಳೇ ಊರಿನ ಮನೆ. ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆ, ವೈಫೈ ಒಂದು ಕೋಣೆ ದಾಟುವುದಿಲ್ಲ. ಅದಕ್ಕೆ ಕೆಳಗಿನ ರೂಟರ್‌ನಿಂದ ಮಾಳಿಗೆ ಮೇಲೆ ಹಾಯಿಸಿ ಮೇಲಿನ ಕೋಣೆಗೆ ಕೇಬಲ್ ಎಳೆಸಿದ್ದೇವೆ. ಪ್ಲಾನ್ 200 ಎಂಬಿಪಿಎಸ್. ಉಬುಂಟುವಿನಲ್ಲಿ ಎಷ್ಟು ಸಲ ಸ್ಪೀಡ್ ನೋಡಿದರೂ 94ರ ಹತ್ತಿರವೇ ನಿಲ್ಲುತ್ತದೆ. ಲಿನಕ್ಸ್ ಡ್ರೈವರ್ ಸರಿ ಇಲ್ಲ ಅಂತ ಕೇಬಲ್ ಹಾಕಿದವರು ಹೇಳುತ್ತಾರೆ.

ಉತ್ತರ: 94 ಅನ್ನುವ ಆ ಸಂಖ್ಯೆ ಸುಮ್ನೆ ಬಂದಿದ್ದಲ್ಲ. ಕಾರ್ಡ್ ಮತ್ತು ರೂಟರ್ 100 ಎಂಬಿಪಿಎಸ್‌ಗೆ ಒಪ್ಪಿಕೊಂಡಿದ್ದರೆ, ಪ್ಯಾಕೆಟ್‌ಗಳ ತಲೆಬರಹಕ್ಕೆ ಹೋಗುವಷ್ಟು ಹೋಗಿ ಕೈಗೆ ಸಿಗುವುದು 94ರ ಆಸುಪಾಸು. ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಕೆಟ್ಟಿದ್ದರೆ ಸಂಖ್ಯೆ ಮೇಲೆ ಕೆಳಗೆ ಆಡುತ್ತದೆ, ಹೀಗೆ ಗೆರೆ ಎಳೆದಂತೆ ಒಂದೇ ಕಡೆ ನಿಲ್ಲುವುದಿಲ್ಲ.

ಟರ್ಮಿನಲ್‌ನಲ್ಲಿ ಸುಡೊ ಈಥ್‌ಟೂಲ್ ಎಂದು ಹಾಕಿ, ಪಕ್ಕದಲ್ಲಿ ಐಪಿ ಲಿಂಕ್‌ನಲ್ಲಿ ಕಂಡ ನಿಮ್ಮ ಕಾರ್ಡಿನ ಹೆಸರು ಬರೆಯಿರಿ. ಸುಡೊ ಅಂದರೆ ಆ ಕಮಾಂಡನ್ನು ಮಾಲೀಕನ ಅಧಿಕಾರದಿಂದ ನಡೆಸು ಎಂದು. ಈಥ್‌ಟೂಲ್ ಅಂದರೆ ಇ, ಟಿ, ಹೆಚ್, ಆಮೇಲೆ ಟೂಲ್, ಎಲ್ಲ ಸೇರಿಸಿ. ಸ್ಪೀಡ್ ಎಂಬ ಸಾಲಿನಲ್ಲಿ 100 ಎಂದೇ ಇರುತ್ತದೆ, ನೋಡಿ. ಅದಕ್ಕಿಂತ ಮುಖ್ಯವಾದ ಸಾಲು ಲಿಂಕ್ ಪಾರ್ಟ್‌ನರ್ ಎಂದು ಶುರುವಾಗುವುದು. ಆಚೆ ತುದಿಯ ರೂಟರ್ ನಾನು ಎಷ್ಟರವರೆಗೆ ಹೋಗಬಲ್ಲೆ ಎಂದು ತಾನೇ ಹೇಳಿಕೊಳ್ಳುವ ಸಾಲು ಅದು. ಅಲ್ಲಿ 1000 ಇಲ್ಲದೆ 100ಕ್ಕೇ ನಿಂತಿದ್ದರೆ ರೂಟರ್‌ನ ಆ ಪೋರ್ಟೇ ಹಳೇ ನಮೂನೆಯದು. ಎಷ್ಟೋ ಅಗ್ಗದ ರೂಟರ್‌ಗಳು ಡಬ್ಬಿ ಮೇಲೆ ವೈಫೈ ವೇಗವನ್ನು ದೊಡ್ಡದಾಗಿ ಬರೆದು, ವೈರ್ ಪೋರ್ಟ್ ಮಾತ್ರ 100ರದ್ದೇ ಕೊಡುತ್ತವೆ. ಅಂಥದ್ದಾದರೆ ಕೇಬಲ್ ಎಷ್ಟು ಬದಲಿಸಿದರೂ ದಂಡ.

1000 ಇದೆ, ಆದರೂ 100ಕ್ಕೆ ನಿಂತಿದೆ ಅಂದರೆ ಕೇಬಲ್ ಕಡೆ ತಿರುಗಿ. ಕೇಬಲ್ ಒಳಗೆ ಎಂಟು ತಂತಿ, ಎರಡೆರಡು ಹೊಸೆದು ನಾಲ್ಕು ಜೋಡಿ. 100ರ ವೇಗಕ್ಕೆ ಎರಡು ಜೋಡಿ ಸಾಕು, ಅಂದರೆ 1, 2, 3, 6ನೇ ಪಿನ್. ಗಿಗಾಬಿಟ್‌ಗೆ, ಅಂದರೆ 1000ರ ವೇಗಕ್ಕೆ, ನಾಲ್ಕೂ ಜೋಡಿ ಬೇಕೇ ಬೇಕು. ನೀಲಿ ಜೋಡಿಯಲ್ಲೋ ಕಂದು ಜೋಡಿಯಲ್ಲೋ ಒಂದೇ ಒಂದು ತಂತಿ ಪ್ಲಗ್ ಒಳಗೆ ಸರಿಯಾಗಿ ಕೂರದಿದ್ದರೂ ಕಾರ್ಡ್ 100ಕ್ಕೆ ಇಳಿಯುತ್ತದೆ, ಕೆಲವು ಸಲ ಲಿಂಕೇ ಬರುವುದಿಲ್ಲ.

ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಕೊಂಡಿ ಕೆಳಗೆ, ಚಿನ್ನದ ಬಣ್ಣದ ಪಿನ್‌ಗಳು ಮೇಲೆ, ತುದಿ ನಿಮ್ಮಿಂದ ಆಚೆ ಇರಲಿ. ಎಡದಿಂದ ಬಲಕ್ಕೆ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಇರಬೇಕು. ಒಂದೊಂದು ತಂತಿಯ ತಾಮ್ರವೂ ಪ್ಲಗ್ಗಿನ ಮುಂಗೋಡೆಗೆ ಮುಟ್ಟಿರಬೇಕು. ಇಲ್ಲಿ ನಡೆಯುವ ಒಂದು ತಪ್ಪನ್ನು ಬಿಡಿಸಿ ಹೇಳಲೇಬೇಕು. ಕೆಲವರು ಬಣ್ಣಗಳನ್ನು ಜೋಡಿ ಜೋಡಿಯಾಗಿ ಪಕ್ಕಪಕ್ಕ ಇಡುತ್ತಾರೆ: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಎರಡೂ ಕಡೆ ಒಂದೇ ಥರ ಇದೆಯಲ್ಲ, ಏನಾಯಿತು ಅನ್ನುತ್ತಾರೆ. ದೀಪ ಹೊತ್ತುವ ಟೆಸ್ಟರ್ ಕೂಡ ಪಾಸ್ ಎಂದೇ ತೋರಿಸುತ್ತದೆ. ಆದರೆ 3 ಮತ್ತು 6ನೇ ಪಿನ್‌ಗೆ ಹೋಗುವ ತಂತಿಗಳು ಒಂದಕ್ಕೊಂದು ಹೊಸೆದವಾಗಿರಬೇಕು. ಬೇರೆ ಬೇರೆ ಜೋಡಿಯವಾದರೆ ಅಕ್ಕಪಕ್ಕದ ಸಿಗ್ನಲ್ ಒಂದರೊಳಗೊಂದು ನುಗ್ಗುತ್ತದೆ. ಎರಡು ಮೀಟರ್ ಕೇಬಲ್‌ನಲ್ಲಿ ನಡೆದುಹೋಗುತ್ತದೆ, ಮಾಳಿಗೆ ಮೇಲೆ ಹಾಯಿಸಿದ ಕೇಬಲ್‌ನಲ್ಲಿ ನಡೆಯುವುದಿಲ್ಲ.

ಬಣ್ಣ ಸರಿ ಇದ್ದರೆ ತಂತಿಯನ್ನೇ ನೋಡಿ. ಒಂದು ತಂತಿಯ ಸಿಪ್ಪೆ ಸುಲಿದು ಬ್ಲೇಡಿನಿಂದ ಕೆರೆಯಿರಿ. ಮೇಲೆ ಕೆಂಪು, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಪ್ಲಗ್ ಹತ್ತಿರ ಎರಡು ಸಲ ಮಡಿಸಿದರೆ ಮುರಿಯುತ್ತದೆ. ಕ್ಯಾಟ್ 5ಇ ಎಂದು ಬರೆದ ಅಪ್ಪಟ ತಾಮ್ರದ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಕೊಡುತ್ತದೆ, ಮನೆಗೆ ಅಷ್ಟು ಸಾಕು. ಮಾಳಿಗೆ ಮೇಲೆ ಬಿಸಿಲಿಗೆ ಬಿದ್ದಿರುವ ಭಾಗಕ್ಕೆ ಮಾತ್ರ ಹೊರಾಂಗಣದ ಕಪ್ಪು ಹೊದಿಕೆಯ ಕೇಬಲ್ ಕೇಳಿ ತನ್ನಿ. ಒಳಾಂಗಣದ ಬೂದು ಕೇಬಲ್‌ನ ಹೊದಿಕೆ ನಮ್ಮ ಕಡೆಯ ಬಿಸಿಲಿಗೆ ಬಿರಿಯುತ್ತದೆ, ಮಳೆಗಾಲದಲ್ಲಿ ಒಳಗೆ ನೀರು ಇಳಿಯುತ್ತದೆ.

ಪ್ರಶ್ನೆ: ಶಹಾಪುರದಲ್ಲಿ ನಮ್ಮದೊಂದು ಚಿಕ್ಕ ಕಂಪ್ಯೂಟರ್ ತರಬೇತಿ ಕೇಂದ್ರ. ಒಂದು ಮಶೀನಿಗೆ ಮೊದಲು ಲಿನಕ್ಸ್ ಹಾಕಿ ನೋಡಿದೆವು. ಕೇಬಲ್ ದೀಪ ಉರಿಯುತ್ತದೆ, ಕನೆಕ್ಟಿಂಗ್ ಅಂತ ಸ್ವಲ್ಪ ಹೊತ್ತು ತಿರುಗಿ ಬಿಟ್ಟುಬಿಡುತ್ತದೆ. ವಿಂಡೋಸ್ ಇದ್ದಾಗ ಬ್ರಾಡ್‌ಬ್ಯಾಂಡ್ ಎಂಬ ಐಕಾನ್ ಒತ್ತಿ ನೆಟ್ ಹಾಕಿಕೊಳ್ಳುತ್ತಿದ್ದೆವು. ಲೈನ್ ಕೊಟ್ಟವರನ್ನು ಕೇಳಿದರೆ "ಲಿನಕ್ಸ್‌ಗೆ ನಮ್ಮ ನೆಟ್ ಬರಂಗಿಲ್ಲ" ಅಂದುಬಿಟ್ಟರು. ನಿಜವೇ?

ಉತ್ತರ: ನಿಜವಲ್ಲ. ಲೈನಿಗೆ ಆಚೆ ಯಾವ ಸಿಸ್ಟಂ ಇದೆ ಎಂಬುದು ಮುಖ್ಯವೇ ಅಲ್ಲ.

ಆ ಬ್ರಾಡ್‌ಬ್ಯಾಂಡ್ ಐಕಾನ್ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತಿತ್ತು ಅಲ್ವಾ? ಅಂದರೆ ನಿಮ್ಮದು ಪಿಪಿಪಿಒಇ ಲೈನ್. ಸುಮ್ನೆ ಕೇಬಲ್ ಚುಚ್ಚಿದರೆ ಐಪಿ ವಿಳಾಸ (ನೆಟ್‌ನಲ್ಲಿ ನಿಮ್ಮ ಮಶೀನಿನ ಸಂಖ್ಯೆ) ಸಿಗುವುದಿಲ್ಲ, ಮೊದಲು ಲಾಗಿನ್ ಆಗಬೇಕು. ಲಿನಕ್ಸ್ ಮಾತ್ರ ಮಾಮೂಲಿ ಪದ್ಧತಿಯಂತೆ ಡಿಹೆಚ್‌ಸಿಪಿಯಲ್ಲಿ ವಿಳಾಸ ಕೇಳುತ್ತದೆ. ಯಾರೂ ಉತ್ತರಿಸುವುದಿಲ್ಲ, 45 ಸೆಕೆಂಡ್ ಕಾದು ಕೈಬಿಡುತ್ತದೆ. ನೀವು ನೋಡಿದ್ದು ಅದನ್ನೇ.

ನೆಟ್‌ವರ್ಕ್ ಕನೆಕ್ಷನ್ಸ್ ಕಿಟಕಿ ತೆರೆಯಿರಿ. ಪ್ಲಸ್ ಗುರುತು ಒತ್ತಿ ಡಿಎಸ್‌ಎಲ್ ಅಥವಾ ಪಿಪಿಪಿಒಇ ಎಂದಿರುವುದನ್ನು ಆರಿಸಿ, ವೈರ್ ಕಾರ್ಡನ್ನು ತೋರಿಸಿ, ಯೂಸರ್‌ನೇಮ್ ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಮರೆತಿದ್ದರೆ ಲೈನ್ ಕೊಟ್ಟವರಿಂದ ಹೊಸದು ಕೇಳಿ, ಕೊಡಬೇಕಾದ್ದು ಅವರ ಕೆಲಸ.

ಆದರೆ ಒಂದು ಕೇಂದ್ರಕ್ಕೆ ನಾನು ಹೇಳುವುದು ಬೇರೆ. ಲಾಗಿನ್ ಕಂಪ್ಯೂಟರ್‌ನಲ್ಲಿ ಇಡಲೇಬೇಡಿ, ರೂಟರ್‌ನಲ್ಲಿ ಇಡಿ. ರೂಟರ್ ಪುಟದ ಇಂಟರ್ನೆಟ್ ಅಥವಾ ವ್ಯಾನ್ ವಿಭಾಗದಲ್ಲಿ ಪಿಪಿಪಿಒಇ ಆರಿಸಿ ಒಮ್ಮೆ ಪಾಸ್‌ವರ್ಡ್ ಹಾಕಿದರೆ ಆಯಿತು. ಮಕ್ಕಳು ಕೂರುವ ಎಲ್ಲ ಮಶೀನ್‌ಗೂ, ವಿಂಡೋಸೋ ಲಿನಕ್ಸೋ, ಕೇಬಲ್ ಚುಚ್ಚಿದರೆ ನೆಟ್ ಬರುತ್ತದೆ. ಒಂದು ಮಶೀನ್ ಆಫ್ ಆದರೆ ಉಳಿದವರ ನೆಟ್ ಹೋಗುವುದೂ ಇಲ್ಲ.

ಹೀಗೆ ಬದಲಿಸುವಾಗ ಎರಡು ಕಡೆ ಎಡವಬಹುದು. ಕೆಲವು ಲೈನ್‌ಗಳಲ್ಲಿ ಮೊದಲು ಹಾಕಿದ ಕಾರ್ಡಿನ ಮ್ಯಾಕ್ ವಿಳಾಸವನ್ನು ಕಟ್ಟಿಹಾಕಿರುತ್ತಾರೆ. ಕಾರ್ಡಿಗೆ ಕಾರ್ಖಾನೆಯಲ್ಲೇ ಬರೆದು ಕಳಿಸಿದ ಗುರುತು ಸಂಖ್ಯೆ ಅದು, ಐಪಿ ಲಿಂಕ್ ಹಾಕಿದಾಗ ಈಥರ್ ಎಂಬ ಪದದ ಪಕ್ಕ ಎರಡೆರಡು ಅಕ್ಷರವಾಗಿ ಕಾಣುತ್ತದೆ. ರೂಟರ್ ಹಾಕಿದರೆ ಗುರುತು ಬದಲಾಯಿತು, ಆಚೆಯಿಂದ ಬಾಗಿಲು ತೆಗೆಯುವುದಿಲ್ಲ. ಫೋನ್ ಮಾಡಿ "ಮ್ಯಾಕ್ ರೀಸೆಟ್ ಮಾಡಿ" ಎಂದು ಹೇಳಿ, ಅಥವಾ ರೂಟರ್‌ನಲ್ಲಿ ಮ್ಯಾಕ್ ಕ್ಲೋನ್ ಎಂಬಲ್ಲಿ ಹಳೇ ಮಶೀನಿನ ಸಂಖ್ಯೆ ಹಾಕಿ.

ಎರಡನೆಯದು ತಲೆ ಕೆಡಿಸುವಂಥದ್ದು. ಕೆಲವು ಸೈಟ್ ಸರಾಗವಾಗಿ ತೆರೆಯುತ್ತವೆ, ಕೆಲವು ಅರ್ಧಕ್ಕೆ ನಿಂತು ಗಿರಗಿರ ಸುತ್ತುತ್ತವೆ. ಮಾಮೂಲಿ ಈಥರ್ನೆಟ್ ಪ್ಯಾಕೆಟ್ 1500 ಬೈಟ್ ಹೊರುತ್ತದೆ. ಪಿಪಿಪಿಒಇ ತನ್ನ ಖರ್ಚಿಗೆ 8 ತೆಗೆದುಕೊಳ್ಳುತ್ತದೆ, ಉಳಿಯುವುದು 1492. ಪಿಂಗ್ ಅಂದರೆ ಇನ್ನೊಂದು ಮಶೀನಿಗೆ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ಎಂದು ನೋಡುವ ಕಮಾಂಡ್. ಪಿಂಗ್, ಹೈಫನ್ ದೊಡ್ಡ ಎಂ, ಡು, ಹೈಫನ್ ಸಣ್ಣ ಎಸ್, 1464, ಆಮೇಲೆ 8.8.8.8 ಎಂದು ಹಾಕಿ ನೋಡಿ. ಪಿಂಗ್ ತನ್ನದೇ 28 ಬೈಟ್ ಸೇರಿಸುತ್ತದೆ, ಒಟ್ಟು ಸರಿಯಾಗಿ 1492. ಇದಕ್ಕೆ ಉತ್ತರ ಬಂದು, 1464ರ ಜಾಗದಲ್ಲಿ 1472 ಹಾಕಿದಾಗ ಬರದಿದ್ದರೆ ನಿಮ್ಮ ಲೈನಿನ ಮಿತಿ ಗೊತ್ತಾಯಿತು. ರೂಟರ್‌ನ ಎಂಟಿಯು (ಪ್ಯಾಕೆಟ್ ಗಾತ್ರದ ಮಿತಿ) ಜಾಗದಲ್ಲಿ 1492 ಇದೆಯಾ ನೋಡಿ, ಇಲ್ಲದಿದ್ದರೆ ಬರೆಯಿರಿ.

ಪ್ರಶ್ನೆ: ಆಳಂದ ತಾಲೂಕಿನ ಹೈಸ್ಕೂಲ್ ಮಾಸ್ತರ ನಾನು. ಶಾಲೆಯ ಹಳೇ ಮಶೀನಿಗೆ ಡೆಬಿಯನ್ ಹಾಕಿದೆ. ಮೊದಲು ಡೆಸ್ಕ್‌ಟಾಪ್ ಪರದೆ (ಐಕಾನ್, ಕಿಟಕಿಗಳು) ಇಲ್ಲದೆ ಹಾಕಿ, ಆಮೇಲೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಸೇರಿಸಿದೆ. ನೆಟ್ ಬರುತ್ತಿತ್ತು, ಆದರೆ ಐಕಾನ್‌ನಲ್ಲಿ ಯಾವಾಗಲೂ ಅನ್‌ಮ್ಯಾನೇಜ್ಡ್ ಎಂದೇ ಇತ್ತು. ಯಾರೋ ಹಳೇ ಗ್ರಾಫಿಕ್ಸ್ ಕಾರ್ಡ್ ಕೊಟ್ಟರು, ಹಾಕಿದೆ. ಅಂದಿನಿಂದ ನೆಟ್ಟೇ ಇಲ್ಲ.

ಉತ್ತರ: ಎರಡೂ ಒಂದೇ ಗಂಟು. ಡೆಸ್ಕ್‌ಟಾಪ್ ಇಲ್ಲದೆ ಹಾಕಿದಾಗ ಡೆಬಿಯನ್ ನಿಮ್ಮ ವೈರ್ ಕಾರ್ಡಿನ ಹೆಸರನ್ನು ಒಂದು ಫೈಲ್‌ನಲ್ಲಿ ಬರೆದಿಟ್ಟಿತು. ಇಟಿಸಿ ಫೋಲ್ಡರ್, ಅದರೊಳಗೆ ನೆಟ್‌ವರ್ಕ್, ಅದರೊಳಗೆ ಇಂಟರ್ಫೇಸಸ್ ಎಂಬ ಫೈಲ್. ಅಲ್ಲಿ ಹೆಸರಿರುವ ಕಾರ್ಡನ್ನು ಆ ಐಕಾನ್ ಹಿಂದೆ ಕೆಲಸ ಮಾಡುವ ನೆಟ್‌ವರ್ಕ್ ಮ್ಯಾನೇಜರ್ ಮುಟ್ಟುವುದಿಲ್ಲ, ಅದಕ್ಕೇ ಅನ್‌ಮ್ಯಾನೇಜ್ಡ್.

ಕಾರ್ಡಿನ ಹೆಸರು ಬರುವುದು ಅದು ಬೋರ್ಡಿನಲ್ಲಿ ಎಲ್ಲಿ ಕೂತಿದೆ ಎಂಬುದರಿಂದ. ಇಎನ್‌ಪಿ3ಎಸ್0 ಅಂದರೆ ಮೂರನೇ ಬಸ್ (ಬೋರ್ಡಿನೊಳಗೆ ಕಾರ್ಡ್ ಜೋಡಿಸುವ ದಾರಿ), ಸೊನ್ನೆ ಸ್ಲಾಟ್. ಗ್ರಾಫಿಕ್ಸ್ ಕಾರ್ಡ್ ಮಧ್ಯೆ ಬಂದಾಗ ಬಸ್ ಸಂಖ್ಯೆಗಳು ಸರಿಯುತ್ತವೆ, ನಿನ್ನೆ 3 ಇದ್ದದ್ದು ಇವತ್ತು 4. ಫೈಲ್‌ನಲ್ಲಿ ಹಳೇ ಹೆಸರೇ ಇದೆ, ಆ ಹೆಸರಿನ ಕಾರ್ಡ್ ಈಗ ಇಲ್ಲ.

ಆ ಫೈಲನ್ನು ಸುಡೊ ಹಾಕಿ ತೆರೆಯಿರಿ. ಎಲ್‌ಓ ಇರುವ ಸಾಲು ಹಾಗೇ ಬಿಡಿ. ಇಎನ್ ಎಂದು ಶುರುವಾಗುವ ಹೆಸರಿರುವ ಸಾಲುಗಳ ಮುಂದೆ ಹ್ಯಾಷ್ ಗುರುತು ಹಾಕಿ, ಉಳಿಸಿ, ಮಶೀನ್ ರೀಸ್ಟಾರ್ಟ್ ಮಾಡಿ. ಆಮೇಲೆ ಎನ್, ಎಂ, ಸಿ, ಎಲ್, ಐ ಸೇರಿಸಿ ಬರೆದು ಜಾಗ ಬಿಟ್ಟು ಡಿವೈಸ್ ಎಂದು ಹಾಕಿ. ಕಾರ್ಡಿನ ಮುಂದೆ ಕನೆಕ್ಟೆಡ್ ಎಂದು ಬರಬೇಕು. ಇದೇ ಕಮಾಂಡ್ ಬೇರೆಯವರಿಗೂ ಉಪಯೋಗ. ಅನ್‌ಅವೈಲಬಲ್ ಎಂದು ಬಂದರೆ ಮೊದಲು ಕೇಬಲ್ ನೋಡಿ. ಡಿಸ್‌ಕನೆಕ್ಟೆಡ್ ಎಂದರೆ ಕೇಬಲ್ ಸರಿ ಇದೆ, ವಿಳಾಸ ಸಿಕ್ಕಿಲ್ಲ ಅಥವಾ ಕನೆಕ್ಷನ್ ಆನ್ ಆಗಿಲ್ಲ.

ಪ್ರಶ್ನೆ: ಹುಮನಾಬಾದ್‌ನಲ್ಲಿ ಡಿಟಿಪಿ ಅಂಗಡಿ ಇದೆ. 8.8.8.8ಕ್ಕೆ ಪಿಂಗ್ ಹೋಗುತ್ತದೆ. ಬ್ರೌಸರ್‌ನಲ್ಲಿ ಮಾತ್ರ ಯಾವ ಸೈಟೂ ತೆರೆಯುವುದಿಲ್ಲ.

ಉತ್ತರ: ದಾರಿ ಸರಿ ಇದೆ, ಸೈಟ್ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಲಸ ಮಾಡುತ್ತಿಲ್ಲ. ವೈರ್ಡ್ ಕನೆಕ್ಷನ್ ಎಡಿಟ್ ಮಾಡಿ, ಐಪಿವಿ4 ಪುಟದಲ್ಲಿ ಡಿಎನ್‌ಎಸ್‌ನ ಆಟೋಮ್ಯಾಟಿಕ್ ತೆಗೆದು 1.1.1.1 ಮತ್ತು 8.8.8.8 ಬರೆಯಿರಿ, ನಡುವೆ ಕಾಮಾ ಹಾಕಿ. ಮೊದಲನೆಯದು ಕ್ಲೌಡ್‌ಫ್ಲೇರ್‌ನದು, ಎರಡನೆಯದು ಗೂಗಲ್‌ನದು. ಕನೆಕ್ಷನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ರಿಸಾಲ್ವ್ ಡಾಟ್ ಕಾನ್ಫ್ ಎಂಬ ಫೈಲನ್ನು ನೇರವಾಗಿ ತಿದ್ದಲು ಕೆಲವರು ಹೇಳುತ್ತಾರೆ. ಸಿಸ್ಟಂ ಅದನ್ನು ಮತ್ತೆ ಬರೆದುಬಿಡುತ್ತದೆ, ಆ ದಾರಿ ಬೇಡ.

ಪ್ರಶ್ನೆ: ಚಿತ್ತಾಪುರದಲ್ಲಿ ಝೆರಾಕ್ಸ್ ಅಂಗಡಿ. ಪಹಣಿ ತೆಗೆಯಲು ಸರ್ಕಾರಿ ಸೈಟ್‌ಗೆ ಹೋದರೆ ಕನೆಕ್ಷನ್ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ. ಒಂದೇ ಅಲ್ಲ, ಎಲ್ಲ ಸೈಟೂ ಹಾಗೇ. ನಿನ್ನೆವರೆಗೆ ಸರಿ ಇತ್ತು.

ಉತ್ತರ: ಪರದೆಯ ಮೂಲೆಯಲ್ಲಿ ತಾರೀಖು ನೋಡಿ. ವರ್ಷಗಳ ಹಿಂದಿನದ್ದು ಇರಬಹುದು. ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ, ಸಾಮಾನ್ಯವಾಗಿ ಸಿಆರ್ 2032, ಮುಗಿದಿದ್ದರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದೆ ಹೋಗುತ್ತದೆ. ಸೈಟ್‌ಗಳ ಸರ್ಟಿಫಿಕೇಟ್‌ಗೆ ಶುರುವಿನ ದಿನ, ಮುಗಿಯುವ ದಿನ ಎರಡೂ ಇರುತ್ತವೆ, ತಾರೀಖು ತಪ್ಪಿದರೆ ಬ್ರೌಸರ್ ನಂಬುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಮಯವನ್ನು ನೆಟ್‌ನಿಂದ ತಾನೇ ತೆಗೆದುಕೊಳ್ಳುವಂತೆ ಮಾಡಿ, ಬ್ಯಾಟರಿ ಬದಲಿಸಿ. ಆ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವ ಅಭ್ಯಾಸ ಮಾತ್ರ ಮಾಡಿಕೊಳ್ಳಬೇಡಿ. ಗಿರಾಕಿಗಳ ಆಧಾರ್, ಪಾಸ್‌ವರ್ಡ್ ಎಲ್ಲ ನಿಮ್ಮ ಕೈಯಲ್ಲಿ ಓಡಾಡುತ್ತದೆ.

ಪ್ರಶ್ನೆ: ಯಾದಗಿರಿಯಿಂದ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ಮಧ್ಯಾಹ್ನ ಆದರೆ ನೆಟ್ ಹೋಗಿ ಬಂದು ಮಾಡುತ್ತದೆ. ಲೈನ್ ಕೊಟ್ಟವರು ನಿಮ್ಮ ಕಂಪ್ಯೂಟರ್‌ದೇ ತಪ್ಪು ಅನ್ನುತ್ತಾರೆ. ಯಾರ ತಪ್ಪು ಅಂತ ಹೇಗೆ ತೋರಿಸಲಿ?

ಉತ್ತರ: ಲಿನಕ್ಸ್ ಎಲ್ಲವನ್ನೂ ಹೊತ್ತಿನ ಸಮೇತ ಬರೆದಿಡುತ್ತದೆ. ಜರ್ನಲ್‌ಸಿಟಿಎಲ್ ಹೈಫನ್ ಕೆ ಎಂದು ಹಾಕಿ. ಕಾರ್ಡಿನ ಹೆಸರಿನ ಮುಂದೆ ಲಿಂಕ್ ಈಸ್ ಡೌನ್, ಲಿಂಕ್ ಈಸ್ ಅಪ್ ಎಂಬ ಸಾಲುಗಳನ್ನು ಹುಡುಕಿ. ನೆಟ್ ಹೋದ ಹೊತ್ತಿಗೇ ಆ ಸಾಲುಗಳಿದ್ದರೆ ತೊಂದರೆ ನಿಮ್ಮ ಕಾರ್ಡು ಮತ್ತು ರೂಟರ್ ನಡುವೆ ಇದೆ: ಕೇಬಲ್, ಪೋರ್ಟ್, ಅಥವಾ ಬಿಸಿಗೆ ರೂಟರ್ ತಾನೇ ಆಫ್ ಆಗಿ ಆನ್ ಆಗುತ್ತಿದೆ. ತಗಡಿನ ಕೆಳಗೆ, ಕಿಟಕಿ ಬಿಸಿಲಿಗೆ ರೂಟರ್ ಇಟ್ಟಿದ್ದರೆ ಮೊದಲು ಜಾಗ ಬದಲಿಸಿ, ಅದರ ಅಡಾಪ್ಟರ್ ಮುಟ್ಟಿ ನೋಡಿ.

ಆ ಸಾಲುಗಳು ಇಲ್ಲದಿದ್ದರೆ ಎರಡು ಟರ್ಮಿನಲ್ ತೆಗೆಯಿರಿ. ಒಂದರಲ್ಲಿ ರೂಟರ್‌ಗೆ ಪಿಂಗ್, ಇನ್ನೊಂದರಲ್ಲಿ 8.8.8.8ಕ್ಕೆ ಪಿಂಗ್ ಬಿಡಿ. ರೂಟರ್ ವಿಳಾಸ ಬೇಕಿದ್ದರೆ ಐಪಿ ರೂಟ್ ಎಂದು ಹಾಕಿ, ಡೀಫಾಲ್ಟ್ ವಯಾ ಎಂಬುದರ ಪಕ್ಕದ ಸಂಖ್ಯೆಯೇ ಅದು. ನೆಟ್ ಹೋದಾಗ ರೂಟರ್ ಉತ್ತರಿಸುತ್ತಿದೆ, ಹೊರಗಿನದು ಮಾತ್ರ ನಿಂತಿದೆ ಅಂದರೆ ನಿಮ್ಮ ಕಂಪ್ಯೂಟರ್ ತಪ್ಪಿಲ್ಲ. ಪರದೆಯ ಫೋಟೊ ತೆಗೆದು, ಹೊತ್ತು ಬರೆದು ದೂರಿನ ಜೊತೆ ಕಳಿಸಿ. "ನೆಟ್ ಬರ್ತಿಲ್ಲ" ಎನ್ನುವುದಕ್ಕೂ, "ಇಂತಿಷ್ಟು ಗಂಟೆಗೆ ರೂಟರ್ ತನಕ ಸರಿ ಇದೆ, ಅದರ ಆಚೆ ಉತ್ತರ ಇಲ್ಲ" ಎನ್ನುವುದಕ್ಕೂ ಸಿಗುವ ಮರ್ಯಾದೆಯೇ ಬೇರೆ.

ಪ್ರಶ್ನೆ: ಜೇವರ್ಗಿ ಹತ್ತಿರದ ಊರು ನಮ್ಮದು. ಮೊನ್ನೆ ಸಿಡಿಲು ಮಳೆ ಆದ ಮೇಲೆ ಕಂಪ್ಯೂಟರ್ ಚೆನ್ನಾಗಿಯೇ ನಡೆಯುತ್ತಿದೆ, ವೈರ್ ನೆಟ್ ಮಾತ್ರ ಸತ್ತಿದೆ. ನಮ್ಮದು ಫೈಬರ್ ಲೈನ್, ಅದರಲ್ಲಿ ಕರೆಂಟ್ ಬರುವುದಿಲ್ಲ ಅಂತಾರಲ್ಲ? ಬೋರ್ಡೇ ಬದಲಿಸಬೇಕಾ?

ಉತ್ತರ: ಬೋರ್ಡ್ ಬದಲಿಸುವ ಅಗತ್ಯವಿಲ್ಲ.

ಫೈಬರ್‌ನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಗೋಡೆಯ ಪ್ಲಗ್‌ನಿಂದ ರೂಟರ್‌ಗೆ, ರೂಟರ್‌ನಿಂದ ಕಂಪ್ಯೂಟರ್‌ಗೆ ಬರುವುದು ತಾಮ್ರ. ಕಂಬದಿಂದ ಮನೆಗೆ ಎಳೆದ ಫೈಬರ್‌ನ ಜೊತೆ ಬಲಕ್ಕೆ ಒಂದು ಉಕ್ಕಿನ ತಂತಿಯೂ ಇರುವುದುಂಟು. ಹತ್ತಿರ ಸಿಡಿಲು ಬಿದ್ದಾಗ ಏರುವ ವೋಲ್ಟೇಜ್ ಈ ದಾರಿಗಳಲ್ಲಿ ನುಗ್ಗಿ ನೆಟ್‌ವರ್ಕ್ ಪೋರ್ಟನ್ನು ಸುಡುತ್ತದೆ, ಉಳಿದ ಬೋರ್ಡ್ ಬದುಕಿರುತ್ತದೆ.

ಎಲ್‌ಎಸ್‌ಪಿಸಿಐ ಹೈಫನ್ ಕೆ ಎಂದು ಹಾಕಿ ನೋಡಿ. ಪಟ್ಟಿಯಲ್ಲಿ ಈಥರ್ನೆಟ್ ಎಂಬ ಸಾಲೇ ಇಲ್ಲದಿದ್ದರೆ ಚಿಪ್ ಹೋಗಿದೆ ಎಂದೇ ಲೆಕ್ಕ, ಆದರೆ ಬಯಾಸ್‌ನಲ್ಲಿ (ಮಶೀನ್ ಆನ್ ಮಾಡಿದ ಕೂಡಲೇ ತೆರೆಯುವ ಬೋರ್ಡಿನ ಸೆಟ್ಟಿಂಗ್) ಅದು ಆಫ್ ಆಗಿಲ್ಲ ಎಂದು ಒಮ್ಮೆ ನೋಡಿಬಿಡಿ. ಸಾಲು ಇದ್ದು, ಡ್ರೈವರ್ ಹೆಸರೂ ಇದ್ದು, ಬೇರೆ ಕೇಬಲ್, ರೂಟರ್‌ನ ಬೇರೆ ಪೋರ್ಟ್ ಹಾಕಿದರೂ ನೋ ಕ್ಯಾರಿಯರ್ ಅಂದರೆ ಚಿಪ್‌ನ ಹೊರಬಾಗಿಲು ಸುಟ್ಟಿದೆ. ರೂಟರ್ ಕಡೆಯ ಪೋರ್ಟೂ ಹೋಗಿರಬಹುದು, ಆದ್ದರಿಂದ ಪಕ್ಕದ ಮನೆಯ ಲ್ಯಾಪ್‌ಟಾಪ್ ತಂದು ಅದೇ ಪೋರ್ಟ್‌ಗೆ ಹಾಕಿ ನೋಡದೆ ಏನನ್ನೂ ಕೊಳ್ಳಬೇಡಿ.

ಕಂಪ್ಯೂಟರ್‌ನದೇ ಹೋಗಿದ್ದರೆ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ತನ್ನಿ. ಅಂಗಡಿಯಲ್ಲಿ ಚಿಪ್ ಯಾವುದು ಎಂದು ಕೇಳಿ. ರಿಯಲ್‌ಟೆಕ್ 8153 ಅಥವಾ ಏಸಿಕ್ಸ್ 88179 ಇದ್ದರೆ ಡ್ರೈವರ್ ಲಿನಕ್ಸ್ ಒಳಗೇ ಇದೆ, ಚುಚ್ಚಿದರೆ ನಡೆಯುತ್ತದೆ. ಯುಎಸ್‌ಬಿ 3 ಪೋರ್ಟ್‌ಗೇ ಹಾಕಿ, ಹಳೇ ಯುಎಸ್‌ಬಿ 2ರಲ್ಲಿ ಗಿಗಾಬಿಟ್ ವೇಗ ಸಿಗದು. ಅಲ್ಲಿಯವರೆಗೆ ಕೆಲಸ ನಿಲ್ಲಬಾರದು ಅಂದರೆ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ವೈರ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ಇನ್ನೊಂದು ವೈರ್ ಕಾರ್ಡ್ ಎಂದೇ ನೋಡುತ್ತದೆ. ವೈರ್ ನೆಟ್ ಇಲ್ಲದೆ ಅಪ್‌ಡೇಟೋ ಡ್ರೈವರೋ ಇಳಿಸಬೇಕಾದ ಎಲ್ಲರಿಗೂ ಇದೇ ಹತ್ತಿರದ ದಾರಿ.

ಮುಂದಿನ ಮಳೆಗೆ ಗುಡುಗು ಕೇಳಿದಾಗ ಸ್ವಿಚ್ ಆಫ್ ಮಾಡಿದರೆ ಸಾಲದು. ಅಷ್ಟು ದೊಡ್ಡ ವೋಲ್ಟೇಜ್‌ಗೆ ಸ್ವಿಚ್ ಒಳಗಿನ ಆ ಚೂರು ಅಂತರ ಲೆಕ್ಕಕ್ಕಿಲ್ಲ. ಸಿಡಿಲು ಇನ್ನೂ ದೂರ ಇರುವಾಗಲೇ ಕಂಪ್ಯೂಟರ್, ರೂಟರ್ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತಿಡಿ, ನೆಟ್ ಕೇಬಲ್ಲನ್ನೂ ಕಂಪ್ಯೂಟರ್ ಕಡೆಯಿಂದ ತೆಗೆದಿಡಿ. ತಲೆ ಮೇಲೇ ಬಂದ ಮೇಲೆ ವೈರ್ ಮುಟ್ಟಲು ಹೋಗಬೇಡಿ. ಪ್ಲಗ್ ಕೀಳುವುದು ಎಲ್ಲರಿಗೂ ನೆನಪಿರುತ್ತದೆ, ನೆಟ್ ಕೇಬಲ್ ಮರೆಯುತ್ತಾರೆ. ಮನೆಯ ಅರ್ಥಿಂಗ್ ಸರಿ ಇದೆಯಾ ಅಂತ ಮಳೆಗಾಲಕ್ಕೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.